ಕಪ್ಪೆಯ ಪಂಚಾಂಗ, ಎಣ್ಣೆಯ ಪಂಚಾಂಗ

ಕಪ್ಪೆ ನೀರು ಕುಡಿಯುವುದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನಾಯಿ ನಾಲಿಗೆ ಚಾಚಿ ಕುಡಿಯುತ್ತದೆ. ಕೋಳಿ ಕೊಕ್ಕು ಅದ್ದಿ, ತಲೆ ಮೇಲೆತ್ತಿ ನುಂಗುತ್ತದೆ. ಎಮ್ಮೆಯಂತೂ ಮೂತಿ ಮುಳುಗಿಸಿತೆಂದರೆ ಅರ್ಧ ಬಾನಿ ಖಾಲಿ. ಕಪ್ಪೆ ಮಾತ್ರ ಹಳ್ಳದ ನಡುವೆ ಕೂತಿದ್ದರೂ ಒಂದು ಗುಟುಕನ್ನೂ ಬಾಯಿಂದ ಕುಡಿಯುವುದಿಲ್ಲ. ಅದರ ಹೊಟ್ಟೆಯ ಕೆಳಗೆ, ಹಿಂಗಾಲುಗಳ ಸಂದಿಯಲ್ಲಿ ತೆಳ್ಳನೆಯ ಚರ್ಮ ಇದೆ. ಅದರ ಹಿಂದೆಯೇ ರಕ್ತನಾಳಗಳು ಒತ್ತೊತ್ತಾಗಿ ಹರಡಿವೆ. ಒದ್ದೆ ಮಣ್ಣಿಗೆ ಆ ಭಾಗ ತಾಗಿಸಿ ಸುಮ್ಮನೆ ಕೂತರಾಯಿತು, ಬೇಕಾದಷ್ಟು ನೀರು ಒಳಗೆ ಸೇರುತ್ತದೆ.

ಉಸಿರಾಟದಲ್ಲೂ ಚರ್ಮಕ್ಕೆ ಪಾಲಿದೆ. ಕಪ್ಪೆಗೆ ಶ್ವಾಸಕೋಶ ಇದೆ, ನಿಜ. ಆದರೆ ನೀರಿನ ತಳದಲ್ಲಿ ಮುಳುಗಿ ಕೂತಾಗ ಆಮ್ಲಜನಕ ಬರುವುದು ಚರ್ಮದ ಮೂಲಕವೇ. ಓತಿಕ್ಯಾತಕ್ಕೆ ಗಟ್ಟಿ ಹುರುಪೆಗಳಿವೆ, ಹಕ್ಕಿಗೆ ಪುಕ್ಕಗಳಿವೆ, ನಮಗೆ ದಪ್ಪ ತೊಗಲಿದೆ. ಕಪ್ಪೆಗೆ ಅಂಥ ಹೊದಿಕೆ ಯಾವುದೂ ಇಲ್ಲ. ಅದರ ಮೊಟ್ಟೆಗೂ ಚಿಪ್ಪಿಲ್ಲ. ಲೋಳೆಯ ನಡುವೆ ಒಂದು ಕರಿ ಚುಕ್ಕೆ, ಅಷ್ಟೇ. ಹೀಗಾಗಿ ನೀರಿನಲ್ಲಿ ಏನು ಕರಗಿರುತ್ತದೋ ಅದರಲ್ಲಿ ಬಹಳಷ್ಟು ಕಪ್ಪೆಯ ಮೈಯೊಳಕ್ಕೂ ಇಳಿಯುತ್ತದೆ. ನೆಲದ ಮೇಲೆ ಒಂದಿಷ್ಟು ಕಾಲ, ನೀರಲ್ಲಿ ಒಂದಿಷ್ಟು ಕಾಲ ಬಾಳುವ ಇಂಥ ಜೀವಿಗಳಿಗೆ ಉಭಯವಾಸಿಗಳು ಎನ್ನುತ್ತೇವೆ. ಕಾಲೇ ಇಲ್ಲದ, ಎರೆಹುಳದಂತೆ ಕಾಣುವ ಸಿಸಿಲಿಯನ್ ಕೂಡ ಇದೇ ಬಳಗದ್ದು. ಅದನ್ನು ನೋಡಲು ಪಶ್ಚಿಮ ಘಟ್ಟದ ಕಡೆ ಹೋಗಬೇಕು. ಬಾಲವಿರುವ ಸಲಮಾಂಡರ್‌ನ ನೆಂಟನೊಂದು ಡಾರ್ಜಿಲಿಂಗ್ ಬೆಟ್ಟಗಳಲ್ಲಿದೆ. ನಮ್ಮ ವಿಜಯಪುರದ ಎರಿ ಸೀಮೆಯಲ್ಲಿ ಕಪ್ಪೆಗಳದೇ ರಾಜ್ಯ.

ಇಷ್ಟೊಂದು ನೀರು ಬೇಡುವ ಪ್ರಾಣಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಹೇಗೆ ಬಾಳುವೆ ಮಾಡುತ್ತದೆ? ಬಡಗಣಕ್ಕೆ ಭೀಮಾ ಇದೆ, ತೆಂಕಣಕ್ಕೆ ಕೃಷ್ಣಾ ಇದೆ, ನಡುವೆ ಡೋಣಿ ಇದೆ. ಆದರೂ ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಅಷ್ಟೇ. ಬ್ಯಾಸಗಿ ಬಂತೆಂದರೆ ಎರಿ ಹೊಲ ಕೈ ಹೋಗುವಷ್ಟು ಬಿರಿಯುತ್ತದೆ. ಕಪ್ಪೆಗಳು ಆಗ ಎಲ್ಲಿರುತ್ತವೆ? ನೆಲದ ಅಡಿಯಲ್ಲಿ. ಬಿಲ ತೋಡುವ ಕಪ್ಪೆಯ ಹಿಂಗಾಲಿನ ಅಡಿಯಲ್ಲಿ ಸಲಿಕೆಯ ಬಾಯಿಯಂಥ ಗಟ್ಟಿ ಉಬ್ಬೊಂದು ಇರುತ್ತದೆ. ಅದರಿಂದ ಮಣ್ಣು ಕೆದರುತ್ತ, ಹಿಂದು ಹಿಂದಕ್ಕೆ ಸರಿಯುತ್ತ ಕೆಳಗಿಳಿಯುತ್ತದೆ. ತಲೆ ಕೊನೆಗೆ ಮುಳುಗುತ್ತದೆ. ಅಲ್ಲಿ ತಂಪಿನಲ್ಲಿ ಉಣ್ಣದೆ ತಿನ್ನದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಚೂರುಚೂರೇ ಕರಗಿಸುತ್ತ ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ನೀವು ಓಡಾಡುವ ಹೊಲದ ಕೆಳಗೇ ಅದು ಇರಬಹುದು.

ಅದನ್ನು ಎಬ್ಬಿಸುವುದು ರೋಹಿಣಿಯ ಕೊನೆಯ ಮಳೆಯೋ ಮಿರಗದ ಮೊದಲ ಮಳೆಯೋ. ಗುಡುಗಿ ಮಳೆ ಹೊಡೆದ ರಾತ್ರಿ ಒಡ್ಡಿನ ಮಗ್ಗುಲಲ್ಲಿ, ತಗ್ಗಿನಲ್ಲಿ ನಿಂತ ನೀರ ಕಡೆ ಕಿವಿಗೊಟ್ಟರೆ ಮಾತಾಡಿದ್ದು ಕೇಳದಷ್ಟು ಗದ್ದಲ. ಗಂಡು ಗೂಳಿಗಪ್ಪೆಗಳು ಆ ದಿನಗಳಲ್ಲಿ ನಿಂಬೆಹಣ್ಣಿನ ಬಣ್ಣ ತಳೆಯುತ್ತವೆ. ಗಂಟಲಿನ ಎರಡೂ ಕಡೆ ನೀಲಿ ಚೀಲಗಳು ಉಬ್ಬಿ ಇಳಿಯುತ್ತವೆ. ನಿಂಬೆ ತೋಟಗಳ ನಡುವೆ ಬೆಳೆದ ಇಂಡಿಯ ಹುಡುಗರಿಗೆ ಅದರ ಬಣ್ಣ ಯಾವುದೆಂದು ನಾನು ಹೇಳಿಕೊಡಬೇಕಿಲ್ಲ. ಬರೀ ಮಳೆ ಬಂತೆಂಬ ಸಂತೋಷಕ್ಕೆ ಅವು ಕೂಗುವುದಲ್ಲ. ಗಂಡು ಹೆಣ್ಣನ್ನು ಕರೆಯುವ ಕೂಗು ಅದು. ಮಳೆ ತಡವಾದರೆ ನಮ್ಮ ಕಡೆ ಊರವರು ಕಪ್ಪೆಗಳ ಮದುವೆ ಮಾಡುತ್ತಾರಲ್ಲ, ಕಪ್ಪೆ ಮಾತ್ರ ಮಳೆ ಬಂದ ಮೇಲೆಯೇ ಮದುವೆಯಾಗುವುದು!

ಆಮೇಲೆ ಎಲ್ಲವೂ ಅವಸರದ ಕೆಲಸ. ಇಟ್ಟ ಮೊಟ್ಟೆ ಒಂದೆರಡು ದಿನದಲ್ಲಿ ಒಡೆದು ಗೊದಮೊಟ್ಟೆ ಹೊರಬರುತ್ತದೆ. ಮೀನಿನ ಹಾಗೆ ಕಿವಿರಿನಿಂದ ಉಸಿರಾಡುತ್ತದೆ. ಬಹಳಷ್ಟು ಜಾತಿಯ ಗೊದಮೊಟ್ಟೆಗಳು ಕಲ್ಲಿನ ಮೇಲೆ, ಹುಲ್ಲಿನ ದಂಟಿನ ಮೇಲೆ ಬೆಳೆದ ಪಾಚಿಯನ್ನು ಕೆರೆದು ತಿನ್ನುತ್ತವೆ. ಗೂಳಿಗಪ್ಪೆಯ ಮರಿಗಳಿಗೆ ಮಾತ್ರ ಪಕ್ಕದ ಗೊದಮೊಟ್ಟೆಯೇ ಊಟ. ನಾಲ್ಕಾರು ವಾರದೊಳಗೆ ಹಿಂಗಾಲು ಮೂಡಬೇಕು, ಮುಂಗಾಲು ಮೂಡಬೇಕು, ಬಾಲ ಕರಗಬೇಕು, ಕಿವಿರು ಹೋಗಿ ಶ್ವಾಸಕೋಶ ಬರಬೇಕು. ಅಷ್ಟರೊಳಗೆ ತಗ್ಗಿನ ನೀರು ಆರಿಹೋದರೆ ಅಲ್ಲಿಗೆ ಮುಗಿಯಿತು. ನಮ್ಮಂಥ ಒಣ ಸೀಮೆಯ ಕಪ್ಪೆಯ ಬದುಕೆಲ್ಲ ಬಿಸಿಲಿನ ಸಂಗಡ ಹೂಡಿದ ಓಟ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಇನ್ನೊಂದು ಪಂಚಾಂಗ ನೋಡೋಣ. ಹೊಲಕ್ಕೆ ಔಷಧಿ ಸಿಂಪಡಿಸುವುದಕ್ಕೆ ನಮ್ಮಲ್ಲಿ ಎಣ್ಣೆ ಹೊಡೆಯುವುದು ಎನ್ನುತ್ತಾರೆ. ಮಿರಗ ಬಿದ್ದು ಬಿತ್ತಿಗೆ ಆದ ಕೂಡಲೇ, ಕಸ ಮೊಳೆಯುವ ಮೊದಲೇ ಕಳೆನಾಶಕ ಹೊಡೆಯುವವರಿದ್ದಾರೆ. ತೊಗರಿಗೆ, ಉಳ್ಳಾಗಡ್ಡಿಗೆ ಪೆಂಡಿಮಿಥಾಲಿನ್, ಮೆಕ್ಕೆಜೋಳಕ್ಕೆ ಅಟ್ರಜಿನ್. ಹತ್ತಿಗೆ ರಸ ಹೀರುವ ಹುಳ ಬಂದಾಗ ಒಂದು ಸುತ್ತು. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವಾಗ ಕಾಯಿಕೊರಕ ಕೀಡಿಗೆ ಎರಡು ಮೂರು ಸುತ್ತು. ಕಡಲೆಗೂ ಅದೇ ಕೀಡಿ. ದ್ರಾಕ್ಷಿ ಪಡದಲ್ಲಂತೂ ಬಳ್ಳಿ ಕತ್ತರಿಸುವ ಅಕ್ಟೋಬರ್ ಚಾಟ್ನಿ ಮುಗಿಯಿತೆಂದರೆ ಬೂಜು ರೋಗಕ್ಕೆ ಶಿಲೀಂಧ್ರನಾಶಕ ಹೊಡೆಯುವ ಪಂಪು ಕೆಳಗಿಳಿಯುವುದೇ ಇಲ್ಲ. ಮೋಡ ಮುಚ್ಚಿದರೆ, ಅಕಾಲಕ್ಕೆ ಹನಿ ಬಿದ್ದರೆ ಮತ್ತೆ ಹೊಡೆಯಬೇಕು.

ಎರಡೂ ಪಂಚಾಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಪ್ಪೆ ಮೊಟ್ಟೆ ಇಡುವ ವಾರವೂ ಕಳೆನಾಶಕ ಹೊಡೆಯುವ ವಾರವೂ ಒಂದೇ. ಬಾಲ ಕರಗಿಸಿಕೊಂಡ ಹೆಬ್ಬೆರಳ ಗಾತ್ರದ ಮರಿಗಪ್ಪೆಗಳು ಬೆಳೆಯ ನೆರಳಲ್ಲಿ ಹುಳ ಹಿಡಿದು ಮೈ ತುಂಬಿಕೊಳ್ಳುವ ತಿಂಗಳೂ, ಆ ಬೆಳೆಗೆ ಪಂಪು ಹೊತ್ತು ಬರುವ ತಿಂಗಳೂ ಒಂದೇ. ಯಾರೂ ಬೇಕೆಂದು ಹೀಗೆ ಗೊತ್ತು ಮಾಡಿದ್ದಲ್ಲ. ಇಬ್ಬರೂ ಕಾಯುವುದು ಒಂದೇ ಮಳೆಯನ್ನು, ಅದಕ್ಕೆ ಹೀಗಾಗುತ್ತದೆ.

"ಮುತ್ಯಾ, ಎಣ್ಣಿ ಹೊಡದ್ರ ಕಪ್ಪಿನೂ ಸಾಯ್ತಾವೇನ?" ಎಂದು ನೀವು ಕೇಳಿದರೆ, "ಕಪ್ಪಿಗೆ ಯಾರ ಹೊಡೀತಾರೋ ತಮ್ಮಾ, ಅದು ಕೀಡಿ ಎಣ್ಣಿ" ಎಂಬ ಉತ್ತರ ಬರಬಹುದು. ಮುತ್ಯಾ ಹೇಳಿದ್ದು ಸುಳ್ಳಲ್ಲ, ಡಬ್ಬಿಯ ಮೇಲೆ ಬರೆದಿರುವುದೂ ಕೀಟನಾಶಕ ಎಂದೇ. ಆದರೆ ಮೈಯೊಳಗಿನ ವ್ಯವಹಾರ ಬೇರೆ. ಕೀಡಿಗೂ ಕಪ್ಪೆಗೂ ನಮಗೂ ನರಗಳಿವೆ. ಒಂದು ನರದ ತುದಿಯಿಂದ ಮುಂದಕ್ಕೆ ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ಸುದ್ದಿ ಮುಟ್ಟಿದೊಡನೆ ಒಂದು ಕಿಣ್ವ ಬಂದು ಅದನ್ನು ಒಡೆದು ಹಾಕುತ್ತದೆ. ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಸುದ್ದಿ ನಿಲ್ಲುವುದಿಲ್ಲ; ಸಾಲಿಯ ಗಂಟೆ ಬಾರಿಸಿದವನು ನಿಲ್ಲಿಸುವುದನ್ನೇ ಮರೆತ ಹಾಗೆ. ಸ್ನಾಯುಗಳು ಅದುರುತ್ತವೆ, ಸೋಲುತ್ತವೆ, ಕೊನೆಗೆ ಉಸಿರಾಟವೂ ತಪ್ಪುತ್ತದೆ. ಎಣ್ಣೆ ಹೊಡೆಯುವಾಗ ಅಪ್ಪ, ಕಾಕಾ ಮೂಗಿಗೆ ವಸ್ತ್ರ ಕಟ್ಟಿಕೊಳ್ಳುವುದು ಇದೇ ಕಾರಣಕ್ಕೆ. ವಸ್ತ್ರವೊಂದೇ ಸಾಲದು, ಕೈಗವಸು, ತುಂಬು ತೋಳಿನ ಅಂಗಿ ಬೇಕು ಎಂಬುದು ಬೇರೆ ಮಾತು. ಕಪ್ಪೆಗಂತೂ ಕಟ್ಟಿಕೊಳ್ಳಲು ಏನೂ ಇಲ್ಲ.

ಸತ್ತ ಕಪ್ಪೆ ಕಣ್ಣಿಗೆ ಬೀಳದಿದ್ದರೆ ಕಪ್ಪೆಗೆ ಏನೂ ಆಗಿಲ್ಲ ಎಂದು ತಿಳಿಯುವಂತಿಲ್ಲ. ಇದನ್ನು ಬಹಳ ಚೆಂದವಾಗಿ ತೋರಿಸಿದ ಪ್ರಯೋಗವೊಂದಿದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಿಕ್ ರೆಲಿಯಾ ಮತ್ತು ಅವರ ಜೊತೆಗಾರರು ಬಯಲಿನಲ್ಲಿ ನೀರಿನ ತೊಟ್ಟಿಗಳನ್ನಿಟ್ಟು, ಅವುಗಳಲ್ಲಿ ಪುಟ್ಟ ಕೆರೆಯ ಸಂಸಾರವನ್ನೇ ಹೂಡಿದರು. ಪಾಚಿ, ಕಣ್ಣಿಗೆ ಕಂಡೂ ಕಾಣದ ನೀರುಚಿಗಟಗಳು, ಗೊದಮೊಟ್ಟೆಗಳು ಎಲ್ಲ ಇದ್ದವು. ಅದಕ್ಕೆ ಮೆಲಾಥಿಯಾನ್ ಹಾಕಿದರು. ಗೊದಮೊಟ್ಟೆಯನ್ನು ಕೊಲ್ಲಲಾರದಷ್ಟು ಕಡಿಮೆ. ಏನಾಯಿತು ಗೊತ್ತೇ? ಮೊದಲು ನೀರುಚಿಗಟಗಳು ಸತ್ತವು. ಅವು ತಿನ್ನುತ್ತಿದ್ದದ್ದು ನೀರಲ್ಲಿ ತೇಲುವ ಹಸಿರು ಪಾಚಿಯನ್ನು. ತಿನ್ನುವವರೇ ಇಲ್ಲವಾದಾಗ ತೇಲುವ ಪಾಚಿ ವಿಪರೀತ ಬೆಳೆದು ನೀರು ಹಸಿರುಗಟ್ಟಿತು. ಬೆಳಕು ತಳಕ್ಕೆ ಇಳಿಯದಾಯಿತು. ಬೆಳಕಿಲ್ಲದೆ ತಳದಲ್ಲಿ ಅಂಟಿ ಬೆಳೆಯುವ ಪಾಚಿ ಕಡಿಮೆಯಾಯಿತು. ಗೊದಮೊಟ್ಟೆ ಕೆರೆದು ತಿನ್ನುವುದು ಆ ಪಾಚಿಯನ್ನೇ. ಊಟ ಸಾಲದೆ ಅವು ನಿಧಾನಕ್ಕೆ ಬೆಳೆದವು. ಬೇಗ ಕಪ್ಪೆಯಾಗುವ ಜಾತಿಗೆ ಇದರಿಂದ ಅಷ್ಟೇನೂ ತೊಂದರೆಯಾಗಲಿಲ್ಲ. ಆದರೆ ಬೆಳೆಯಲು ಹೆಚ್ಚು ದಿನ ಬೇಕಾಗುವ ಚಿರತೆಗಪ್ಪೆಯ ಮರಿಗಳಲ್ಲಿ ಅರ್ಧದಷ್ಟು, ನೀರು ಆರುವ ಹೊತ್ತಿಗೆ ಕಪ್ಪೆಯಾಗಿರಲೇ ಇಲ್ಲ.

ಬಿಸಿಲಿನ ಸಂಗಡ ಓಟ ಎಂದೆನಲ್ಲ, ಅದು ಇದೇ. ವಿಷ ಗೊದಮೊಟ್ಟೆಯನ್ನು ಮುಟ್ಟಿ ಕೊಲ್ಲಲಿಲ್ಲ, ಅದರ ಓಟವನ್ನು ತಡ ಮಾಡಿತು. 2008ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು: ಒಂದೇ ಸಲ ಹಾಕಿದ 25 ಪಟ್ಟು ದೊಡ್ಡ ಪ್ರಮಾಣಕ್ಕಿಂತ, ವಾರವಾರ ಹಾಕಿದ ಸಣ್ಣ ಪ್ರಮಾಣವೇ ಹೆಚ್ಚು ಹಾಳು ಮಾಡಿತು. ನೀರುಚಿಗಟಗಳು ಮತ್ತೆ ಹುಟ್ಟಿ ಬೆಳೆಯಲು ಬಿಡುವೇ ಸಿಗಲಿಲ್ಲ. ದ್ರಾಕ್ಷಿ ಪಡದಲ್ಲೂ ತರಕಾರಿ ಹೊಲದಲ್ಲೂ ನಾವು ಮಾಡುವುದು ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ.

ಇದು ಎಲ್ಲೋ ದೂರದ ಅಮೆರಿಕದ ಮಾತಾಯಿತು ಎನ್ನಬೇಡಿ. ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ಅಲ್ಲಿನ ಗುರುಶಂಕರ, ಕೃಷ್ಣಮೂರ್ತಿ ಮತ್ತು ವಾಸುದೇವ ಎಂಬ ವಿಜ್ಞಾನಿಗಳು, ನಮ್ಮ ಗದ್ದೆ ಹೊಲಗಳಲ್ಲಿ ಕಾಣುವ ಚಿಕ್ಕ ಜಿಗಿಯುವ ಕಪ್ಪೆಯೊಂದರ ಗೊದಮೊಟ್ಟೆಗಳನ್ನು ಮೆಲಾಥಿಯಾನ್ ಬೆರೆತ ನೀರಲ್ಲಿಟ್ಟು ನೋಡಿದರು. ವಿಷ ಹೆಚ್ಚಿದಂತೆ ಅವು ತಿನ್ನುವುದು ಕಡಿಮೆಯಾಯಿತು, ಬೆಳೆಯುವುದು ಕಡಿಮೆಯಾಯಿತು, ಉಳಿದುಕೊಂಡವೂ ಕಡಿಮೆಯಾದವು. ಮಲೆನಾಡಿನ ಕೃಷಿ ಭೂಮಿಗಳಲ್ಲಿ ಸಹಜವಾಗಿ ಬೆಳೆದ ಕಪ್ಪೆಗಳನ್ನೂ ಅವರು ಹಿಡಿದು ಪರೀಕ್ಷಿಸಿ, ಅಂಗ ಊನವಾದವುಗಳ ಲೆಕ್ಕ ಬರೆದರು. ಎರಡೂ ಬರಹಗಳು ಪ್ರಕಟವಾದದ್ದು 2007ರಲ್ಲಿ.

ಇನ್ನೂ ಹತ್ತಿರ ಬೇಕೆಂದರೆ ಧಾರವಾಡವಿದೆ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಶ್ರೀನಿವಾಸ ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಗೊದಮೊಟ್ಟೆಗಳ ನಡೆನುಡಿಯನ್ನು ಅಭ್ಯಾಸ ಮಾಡಿದ್ದಾರೆ. ನುಡಿ ಎಂದರೆ ವಾಸನೆ. ನೆಲಗಪ್ಪೆಯ ಗೊದಮೊಟ್ಟೆ ತನ್ನ ಒಡಹುಟ್ಟಿದವರನ್ನು ಗುರುತಿಸಬಲ್ಲದು. ತನ್ನನ್ನು ತಿನ್ನುವ ಪ್ರಾಣಿ ನೀರಿನಲ್ಲಿದೆ ಎಂಬುದು ಅದಕ್ಕೆ ವಾಸನೆಯಿಂದಲೇ ತಿಳಿಯುತ್ತದೆ. ವೈರಿಯ ವಾಸನೆ ಬಂದೊಡನೆ ಅಲ್ಲಾಡದೆ ಅಡಗುವುದು ಅದರ ಉಪಾಯ. ಇಂಥ ಹೆದರಿಕೆಯ ನಡುವೆ ಕೀಟನಾಶಕವೂ ಸೇರಿದರೆ? ರೆಲಿಯಾ ಅದನ್ನೂ ನೋಡಿದ್ದರು. ಕಾರ್ಬರಿಲ್ ಎಂಬ ಕೀಟನಾಶಕ ಬೆರೆತ ನೀರಿಗೆ ವೈರಿಯ ವಾಸನೆಯೂ ಸೇರಿದಾಗ, ಅಷ್ಟೇ ವಿಷಕ್ಕೆ ಇನ್ನೂ ಹೆಚ್ಚು ಗೊದಮೊಟ್ಟೆಗಳು ಸತ್ತವು. ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ನಿಶ್ಚಿಂತೆಯಿಂದಿರುವ ಗೊದಮೊಟ್ಟೆ ತಡೆದುಕೊಳ್ಳುವಷ್ಟನ್ನು ಹಳ್ಳದ ಗೊದಮೊಟ್ಟೆ ತಡೆಯಲಾರದು. ಡಬ್ಬಿಯ ಮೇಲಿನ ಲೆಕ್ಕಾಚಾರಗಳನ್ನು ನಾನು ಪೂರ್ತಿ ನಂಬದಿರಲು ಇದೂ ಒಂದು ಕಾರಣ.

ಮರಿಗಪ್ಪೆಯ ಮೈಮೇಲೆ ನೇರವಾಗಿ ಎಣ್ಣೆ ಬಿದ್ದರೆ ಏನಾಗುತ್ತದೆ? ಜರ್ಮನಿಯ ವಿಜ್ಞಾನಿಗಳು 2013ರಲ್ಲಿ ಇದನ್ನು ಪ್ರಕಟಿಸಿದರು. ಅಂಗಡಿಯಲ್ಲಿ ಸಿಗುವ ಏಳು ಔಷಧಿಗಳನ್ನು, ಚೀಟಿಯಲ್ಲಿ ಬರೆದಷ್ಟೇ ಪ್ರಮಾಣದಲ್ಲಿ ಮರಿಗಪ್ಪೆಗಳ ಮೇಲೆ ಸಿಂಪಡಿಸಿದ್ದರು. ಅತಿ ಕಡಿಮೆ ಹಾನಿ ಮಾಡಿದ್ದು ಎಂದರೆ ಏಳು ದಿನದಲ್ಲಿ ನೂರಕ್ಕೆ 40 ಕಪ್ಪೆ ಸತ್ತದ್ದು. ಅತಿ ಹೆಚ್ಚು ಎಂದರೆ ಒಂದು ತಾಸಿನಲ್ಲಿ ಎಲ್ಲವೂ. ಆ ಒಂದು ತಾಸಿನದು ಕೀಟನಾಶಕವಲ್ಲ, ಪೈರಾಕ್ಲೋಸ್ಟ್ರೋಬಿನ್ ಎಂಬ ಶಿಲೀಂಧ್ರನಾಶಕ. ಬೂಜು ಕೊಲ್ಲುವ ಔಷಧಿ ಎಂದರೆ ಸಾಧು ಎಂದು ನಾವು ಅಂದುಕೊಂಡಿರುತ್ತೇವೆ. ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಈ ಹೆಸರು ಹೊಸದಲ್ಲ. ಮುಖ್ಯ ಔಷಧಿಯೊಂದೇ ಕಾರಣವೂ ಅಲ್ಲ. ಅದನ್ನು ಕರಗಿಸಲು, ಎಲೆಗೆ ಅಂಟಿಸಲು ಬೆರೆಸುವ ದ್ರಾವಕ, ಸಾಬೂನಿನಂಥ ಪದಾರ್ಥಗಳೂ ಕಪ್ಪೆಯ ತೆಳು ಚರ್ಮವನ್ನು ಬಿಡುವುದಿಲ್ಲ. ಗ್ಲೈಫೊಸೇಟ್ ಕಳೆನಾಶಕದ ಒಂದು ಹೆಸರಾಂತ ಮಿಶ್ರಣ ಗೊದಮೊಟ್ಟೆಗಳನ್ನು ಕೊಂದದ್ದು ಮುಖ್ಯವಾಗಿ ಅದರಲ್ಲಿದ್ದ ಅಂಟುಪದಾರ್ಥದಿಂದ ಎಂದು 2005ರಲ್ಲೇ ಗೊತ್ತಾಗಿತ್ತು.

ಇನ್ನು ಅಟ್ರಜಿನ್ ಕಥೆ. ಗೂಳಿಗಪ್ಪೆ ಹಳದಿಯಾಗಿ ಕೂಗಬೇಕೆಂದರೆ ಮೈಯೊಳಗಿನ ಹಾರ್ಮೋನುಗಳು ಅಪ್ಪಣೆ ಕೊಡಬೇಕು. ಬಾಲ ಕರಗಬೇಕಾದರೂ ಹಾರ್ಮೋನೇ ಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಟೈರೋನ್ ಹೇಯ್ಸ್ ಎಂಬ ವಿಜ್ಞಾನಿ ಹುಟ್ಟಿನಿಂದ ಗಂಡಾದ 40 ಆಫ್ರಿಕನ್ ಕಪ್ಪೆಗಳನ್ನು ಅಟ್ರಜಿನ್ ಬೆರೆತ ನೀರಿನಲ್ಲಿ ಬೆಳೆಸಿದರು. ಅವುಗಳಲ್ಲಿ 4 ಪೂರ್ತಿ ಹೆಣ್ಣಾಗಿ ಬದಲಾದವು, ಕೆಲವು ಮೊಟ್ಟೆಯನ್ನೂ ಇಟ್ಟವು. ಮುಕ್ಕಾಲು ಪಾಲು ಗಂಡುಗಳು ಸಂತಾನಕ್ಕೆ ಬಾರದಂತಾದವು. ಇದು 2010ರ ವರದಿ. ಅಟ್ರಜಿನ್ ತಯಾರಿಸುವ ಕಂಪನಿ ಅವರ ಫಲಿತಾಂಶಗಳನ್ನು ಒಪ್ಪಲಿಲ್ಲ, ವಾದ ವರ್ಷಗಟ್ಟಲೆ ನಡೆಯಿತು. ಯುರೋಪಿನ ದೇಶಗಳು ಅದಕ್ಕೂ ಮೊದಲೇ, ನೆಲದಡಿಯ ನೀರಿಗೆ ಇಳಿಯುತ್ತದೆ ಎಂಬ ಕಾರಣಕ್ಕೆ ಅಟ್ರಜಿನ್ ನಿಲ್ಲಿಸಿದ್ದವು.

ಹೇಯ್ಸ್ ಹಾಕಿದ್ದು ಎಷ್ಟು? ನೂರು ಕೋಟಿ ಪಾಲಿನಲ್ಲಿ ಎರಡೂವರೆ ಪಾಲು. ಇದು ತಲೆಗೆ ಹತ್ತುವ ಲೆಕ್ಕವಲ್ಲ, ಪಾಟಿ ತೆಗೆದುಕೊಳ್ಳಿ. ಮನೆಯ ಮೇಲಿನ 1000 ಲೀಟರ್ ಟ್ಯಾಂಕಿಗೆ ಎರಡೂವರೆ ಮಿಲಿಗ್ರಾಂ ಹಾಕಿದರೆ ಆ ಪ್ರಮಾಣ ಬರುತ್ತದೆ. ಹಾಗಾದರೆ 1 ಲಕ್ಷ ಲೀಟರ್ ನೀರಿರುವ ಹೊಂಡಕ್ಕೆ? 250 ಮಿಲಿಗ್ರಾಂ, ಅಂದರೆ ಕಾಲು ಗ್ರಾಂ. ಪಂಪನ್ನು ಹೊಂಡದ ದಂಡೆಯ ಮೇಲೆ ತೊಳೆದಾಗ ಒಂದೇ ಒಂದು ಗ್ರಾಂ ಔಷಧಿ ನೀರಿಗೆ ಇಳಿದರೂ ಅದರ ನಾಲ್ಕು ಪಟ್ಟಾಯಿತು. ಪಂಪು ತೊಳೆಯುವ ಜಾಗ ಯಾವುದು ಎಂಬ ಪ್ರಶ್ನೆ ಸಣ್ಣದಲ್ಲ ಎಂದು ಈ ಲೆಕ್ಕದಿಂದ ನಿಮಗೇ ತಿಳಿಯುತ್ತದೆ.

ಕಪ್ಪೆ ಹೋದರೆ ಹೋಗಲಿ ಬಿಡಿ ಎನ್ನುವವರಿಗೆ ನಮ್ಮ ದೇಶದ್ದೇ ಒಂದು ಹಳೆಯ ಸಂಗತಿ ಹೇಳಬೇಕು. 1980ರ ದಶಕದಲ್ಲಿ ಭಾರತ ಪ್ರತಿವರ್ಷ ಸಾವಿರಾರು ಟನ್ ಕಪ್ಪೆ ಕಾಲುಗಳನ್ನು ಯುರೋಪ್, ಅಮೆರಿಕಗಳಿಗೆ ಮಾರುತ್ತಿತ್ತು. ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ಅದು ವಿಶೇಷ ಅಡುಗೆ. ಮಳೆಯ ರಾತ್ರಿ ದೀಪ ಹಿಡಿದು ಹೋಗಿ, ಮೊಟ್ಟೆ ಇಡಲು ನೆರೆದ ಗೂಳಿಗಪ್ಪೆಗಳನ್ನೇ ಚೀಲ ತುಂಬುತ್ತಿದ್ದರು. ಕಪ್ಪೆಗಳು ಕಡಿಮೆಯಾದಂತೆ ಹೊಲದ ಹುಳಗಳು ಹೆಚ್ಚಿ, ಅವಕ್ಕೆ ಹೊಡೆಯುವ ಕೀಟನಾಶಕದ ಖರ್ಚು ಕಾಲು ಮಾರಿ ಬಂದ ಹಣವನ್ನೇ ನುಂಗುತ್ತದೆ ಎಂಬ ವಾದ ಎದ್ದಿತು. 1987ರಲ್ಲಿ ಸರ್ಕಾರ ರಫ್ತನ್ನು ನಿಲ್ಲಿಸಿತು. ಕಪ್ಪೆಯ ಪರವಾಗಿ ದೇಶವೊಂದು ಕಾಸಿನ ಲೆಕ್ಕ ಹಾಕಿದ ಅಪರೂಪದ ಪ್ರಸಂಗ ಅದು.

ಇನ್ನೊಂದು ಸಂಗತಿ ಅಷ್ಟು ಹಗುರವಲ್ಲ. ಕಾಸರಗೋಡಿನ ಪಡ್ರೆ, ಎಣ್ಮಕಜೆಯಂಥ ಕನ್ನಡ, ತುಳು ಮಾತಾಡುವ ಊರುಗಳ ಸುತ್ತ, ದಕ್ಷಿಣ ಕನ್ನಡದ ಕೊಕ್ಕಡದ ಕಡೆ ಗೇರು ತೋಟಗಳಿವೆ. ಆ ತೋಟಗಳಿಗೆ 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಗೇರು ತೋಟ, ತೋಡು, ಕೆರೆ, ಮನೆ ಅಂಗಳ ಎಂದು ನೋಡಿ ಬೀಳಲಿಲ್ಲ. ಮೀನು, ಕಪ್ಪೆ, ಜೇನ್ನೊಣ ಕಡಿಮೆಯಾದದ್ದನ್ನು ಅಲ್ಲಿನವರು ಗಮನಿಸಿ ಹೇಳಿದ್ದರು. ಆಮೇಲೆ ಮಕ್ಕಳಿಗೂ ದೊಡ್ಡವರಿಗೂ ಬಂದ ಕಾಯಿಲೆಗಳ ಕಥೆ ಜಗತ್ತಿಗೆಲ್ಲ ಗೊತ್ತಾಯಿತು. ಅದೇ ಪಡ್ರೆ ಊರಿನ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ ಈ ಬಗ್ಗೆ ಬಹಳ ಮೊದಲೇ ಬರೆದು ಎಚ್ಚರಿಸಿದವರು. ಕೊನೆಗೆ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ಇಡೀ ದೇಶದಲ್ಲಿ ನಿಲ್ಲಿಸಿತು. ನಮ್ಮ ತೊಗರಿಗೂ ಹತ್ತಿಗೂ ಅಲ್ಲಿಯವರೆಗೆ ಹೊಡೆಯುತ್ತಿದ್ದ ಔಷಧಿಗಳಲ್ಲಿ ಅದೂ ಒಂದು.

ಎಲ್ಲ ತಪ್ಪನ್ನೂ ಎಣ್ಣೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಜಗತ್ತಿನ 8000ಕ್ಕೂ ಹೆಚ್ಚು ಉಭಯವಾಸಿ ಜಾತಿಗಳಲ್ಲಿ ಐದಕ್ಕೆ ಎರಡು ಅಪಾಯದಲ್ಲಿವೆ ಎಂದು 2023ರಲ್ಲಿ ಪ್ರಕಟವಾದ ದೊಡ್ಡ ಗಣತಿ ಹೇಳಿತು. ಇರುವ ತಾಣ ಹಾಳಾಗುವುದು, ಚರ್ಮಕ್ಕೆ ಹತ್ತುವ ಒಂದು ಬೂಜು ರೋಗ, ಏರುಪೇರಾದ ಹವಾಮಾನ ಇವೆಲ್ಲ ದೊಡ್ಡ ಕಾರಣಗಳು. ನಮ್ಮಲ್ಲೂ ತಗ್ಗು ಮುಚ್ಚಿ ನಿವೇಶನ ಮಾಡುತ್ತೇವೆ, ಮಳೆಯ ರಾತ್ರಿ ರಸ್ತೆ ದಾಟುವ ಕಪ್ಪೆಗಳು ಗಾಲಿಗೆ ಸಿಗುತ್ತವೆ. ಅಪ್ಪ ಕಾಕಾರನ್ನು ಬೈದೂ ಉಪಯೋಗವಿಲ್ಲ. ಸಾಲ ಮಾಡಿ ಬಿತ್ತಿದ ತೊಗರಿಗೆ ಕೀಡಿ ಬಿದ್ದಾಗ ಕೈಕಟ್ಟಿ ಕೂರಿ ಎಂದು ಯಾರೂ ಹೇಳಲಾಗದು.

ಆದರೆ ದಾರಿಗಳಿವೆ, ನಿಮ್ಮ ಹಿರಿಯರಿಗೆ ಗೊತ್ತಿರುವವೇ. ತೊಗರಿ ಗಿಡವನ್ನು ಮೆಲ್ಲಗೆ ಅಲುಗಾಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಕೀಡಿ ಉದುರಿಸಿ ಆಯುವುದು ಕಲಬುರಗಿ ವಿಜಯಪುರದ ಕಡೆ ಮಾಡಿ ನೋಡಿದ ಪದ್ಧತಿ. ಕೋಳಿಗೆ ಹಬ್ಬ! ಬೇವಿನ ಬೀಜದ ಕಷಾಯ, ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ, ಹಕ್ಕಿ ಕೂರಲು ಹೊಲದಲ್ಲಿ ನೆಟ್ಟ ಕೋಲು, ಇವುಗಳ ಬಗ್ಗೆ ಕೃಷಿ ವಿಜ್ಞಾನಿಗಳು ರೈತರಿಗೆ ಹೇಳುತ್ತಲೇ ಬಂದಿದ್ದಾರೆ. ಹೊಡೆಯಲೇಬೇಕಾದರೂ, ಕೀಡಿಗಳನ್ನು ಎಣಿಸಿ ನೋಡಿ ಹೊಡೆಯುವುದು ಬೇರೆ, ಪಕ್ಕದ ಹೊಲದವರು ಹೊಡೆದರೆಂದು ಹೊಡೆಯುವುದು ಬೇರೆ. ಹಳ್ಳ, ಬಾವಿ, ಹೊಂಡದ ದಂಡೆಯಿಂದ ಒಂದಿಷ್ಟು ಅಂತರ ಬಿಟ್ಟು ಹೊಡೆಯಬಹುದು. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿಕೊಂಡು ಬೆಳೆಗೆ ಹೊಡೆದುಬಿಡಬಹುದು. ಔಷಧಿಯೂ ಉಳಿಯಿತು, ಹಳ್ಳವೂ ಉಳಿಯಿತು. ಈ ಕೆಲಸ ದೊಡ್ಡವರದು. ಡಬ್ಬಿ, ಪಂಪುಗಳನ್ನು ನೀವು ಮುಟ್ಟಕೂಡದು.

ನಿಮ್ಮ ಕೆಲಸ ಬೇರೆ ಇದೆ. 1995ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಹೆಂಡರ್ಸನ್ ಎಂಬ ಸಣ್ಣ ಊರಿನ ಹತ್ತಿರ ಶಾಲಾ ಮಕ್ಕಳು ಕೆರೆ ನೋಡಲು ಹೋಗಿದ್ದರು. ಹಿಡಿದ ಕಪ್ಪೆಗಳಲ್ಲಿ ಕೆಲವಕ್ಕೆ ಕಾಲೇ ಇಲ್ಲ, ಕೆಲವಕ್ಕೆ ಹೆಚ್ಚಿನ ಕಾಲು. ಅವರು ಅದನ್ನು ಎಣಿಸಿ, ಬರೆದು, ಸರ್ಕಾರಕ್ಕೆ ತಿಳಿಸಿದರು. ದೇಶದ ದೊಡ್ಡ ದೊಡ್ಡ ವಿಜ್ಞಾನಿಗಳು ಆ ಮಕ್ಕಳ ಹಿಂದೆ ಕೆರೆಗಿಳಿದರು. ಹಲವರು ಕೀಟನಾಶಕವೇ ಕಾರಣ ಎಂದುಕೊಂಡಿದ್ದಾಗ, ಗೊದಮೊಟ್ಟೆಯ ಮೈ ಹೊಕ್ಕು ಕಾಲು ಮೂಡುವ ಜಾಗವನ್ನು ಕೆಡಿಸುವ ಪರಾವಲಂಬಿ ಹುಳವೊಂದು 1999ರಲ್ಲಿ ಸಿಕ್ಕಿಬಿತ್ತು. ಕೀಟನಾಶಕ ನಿರಪರಾಧಿ ಎಂದಾಯಿತೇ? ಇಲ್ಲ. ಹೊಲದ ನೀರು ಹರಿದು ಸೇರುವ ಕೆರೆಗಳಲ್ಲಿ ಊನವಾದ ಕಪ್ಪೆಗಳು ಹೆಚ್ಚಿವೆ, ವಿಷ ತಾಗಿದ ಗೊದಮೊಟ್ಟೆಗೆ ಆ ಹುಳವನ್ನು ತಡೆಯುವ ಶಕ್ತಿ ಕುಂದುತ್ತದೆ ಎಂದು 2002ರಲ್ಲಿ ಇನ್ನೊಬ್ಬರು ತೋರಿಸಿದರು. ಮಕ್ಕಳು ಕೇಳಿದ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಏಳು ವರ್ಷ ಬೇಕಾಯಿತು, ಸಿಕ್ಕ ಉತ್ತರವೂ ಒಂದೇ ಗೆರೆಯದಲ್ಲ.

ಈ ಸಲ ಮಿರಗ ಬಿದ್ದಾಗ ಒಂದು ವಹಿ ಮಾಡಿಕೊಳ್ಳಿ. ತಾರೀಕು, ಮಳೆಯ ಹೆಸರು, ಊರು, ನೀರು ನಿಂತ ಜಾಗ, ಕೇಳಿದ ಕೂಗು ಹೇಗಿತ್ತು ಎಂದು ಬರೆಯಿರಿ. ಅದೇ ತಗ್ಗಿಗೆ ವಾರಕ್ಕೊಮ್ಮೆ ಹೋಗಿ ಗೊದಮೊಟ್ಟೆಗೆ ಕಾಲು ಬಂತೇ, ನೀರು ಎಷ್ಟು ಉಳಿದಿದೆ, ಸುತ್ತಲ ಹೊಲಕ್ಕೆ ಏನಾದರೂ ಹೊಡೆದರೇ ಎಂಬುದನ್ನೂ ಬರೆಯಿರಿ. ದೊಡ್ಡವರೊಬ್ಬರು ಜೊತೆಗಿರಲಿ, ಎಣ್ಣೆ ಹೊಡೆದ ಹೊಲಕ್ಕೆ ಕಾಲಿಡಬೇಡಿ. ಕಪ್ಪೆಯನ್ನು ಕೈಯಲ್ಲಿ ಹಿಡಿಯದಿರುವುದೇ ಒಳ್ಳೆಯದು. ಸಾಬೂನು, ಉಪ್ಪು, ಔಷಧಿ ಹತ್ತಿದ ಕೈ ಅದಕ್ಕೆ ಆಗಿಬರುವುದಿಲ್ಲ. ಕಾಲು ಊನವಾದದ್ದು ಕಂಡರೆ ಮೊಬೈಲಿನಲ್ಲಿ ಫೋಟೊ ತೆಗೆದು, ಒಟ್ಟು ಎಷ್ಟು ಕಪ್ಪೆ ನೋಡಿದಿರಿ, ಅದರಲ್ಲಿ ಊನವಾದವು ಎಷ್ಟು ಎಂದು ಎರಡನ್ನೂ ಬರೆದು, ವಿಜ್ಞಾನ ಹೇಳುವ ಮಾಸ್ತರರಿಗೋ ಅಕ್ಕೋರಿಗೋ ತೋರಿಸಿ. ಒಟ್ಟು ಎಷ್ಟು ಎಂಬುದನ್ನು ಬಿಟ್ಟು ಊನವಾದವನ್ನಷ್ಟೇ ಎಣಿಸಿದರೆ ಆ ಲೆಕ್ಕ ಯಾವ ವಿಜ್ಞಾನಿಗೂ ಉಪಯೋಗಕ್ಕೆ ಬರುವುದಿಲ್ಲ.